ಮಗಳ ಜರ್ಮನ್ ‘ವಿನಿಮಯ ಪ್ರವಾಸ’ಕ್ಕೆ 2.75 ಲಕ್ಷ: ಕಟ್ಟೋದಾ, ಬಿಡೋದಾ?

ಬಾಣೇರ್ ಅಮ್ಮ · ಸೋಮವಾರ ರಾತ್ರಿ 9.40
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಮಕ್ಕಳನ್ನ ಓದಿಸ್ತಿರೋ ಕನ್ನಡದವರಿಗೆ ಒಂದು ಪ್ರಶ್ನೆ. ಮಗಳು ಎಂಟನೇ ಕ್ಲಾಸು, ಆರನೇ ಕ್ಲಾಸಿಂದ ಮೂರನೇ ಭಾಷೆ ಜರ್ಮನ್. ಮೊನ್ನೆ ಶಾಲೆಯಿಂದ ಚೀಟಿ ಬಂತು. ಬರೋ ಮೇ ತಿಂಗಳಲ್ಲಿ ಜರ್ಮನಿಗೆ 16 ದಿನದ ‘ಭಾಷಾ ವಿನಿಮಯ ಪ್ರವಾಸ’, ಒಬ್ಬರಿಗೆ 2.75 ಲಕ್ಷ. ಈ ಶುಕ್ರವಾರದೊಳಗೆ 50,000 ಮುಂಗಡ ಕಟ್ಟಬೇಕಂತೆ.

ನಮ್ಮನೆಯವರು “ಇದು ಪಿಕ್‌ನಿಕ್ಕು, ಹೆಸರು ಮಾತ್ರ ದೊಡ್ಡದು” ಅಂತ ಒಂದೇ ಮಾತಲ್ಲಿ ಮುಗಿಸಿದರು. ಮಗಳು ಮುಖ ಊದಿಸಿಕೊಂಡು ಕೂತಿದ್ದಾಳೆ. ಅವಳ ಜರ್ಮನ್ ಹೇಗಿದೆ ಅಂದ್ರೆ, ಪರೀಕ್ಷೆಯಲ್ಲಿ ನೂರಕ್ಕೆ 92. ಮಾತಾಡು ಅಂದ್ರೆ “ಇಷ್ ಹೈಸೆ” ಅಂತ ಹೆಸರು ಹೇಳ್ತಾಳೆ, ವಯಸ್ಸು ಹೇಳ್ತಾಳೆ, ಆಮೇಲೆ ನನ್ನ ಮುಖ ನೋಡ್ತಾಳೆ. ಹೋಗಿ ಬಂದ ಮಕ್ಕಳಿದ್ದರೆ ಹೇಳಿ, ಭಾಷೆ ನಿಜಕ್ಕೂ ಬರುತ್ತಾ?

ಔಂಧ್ ಗೌಡ · 9.52
ಆ ದುಡ್ಡಲ್ಲಿ ಜರ್ಮನ್ ಟೀಚರನ್ನೇ ವರ್ಷವಿಡೀ ಮನೆಗೆ ಕರೆಸಬಹುದು.

ಕ್ಯಾಂಪಿನ ಮಾಣಿ · 10.05
ಗೌಡ್ರೇ, ಹಾಗಲ್ಲ ಮಾರಾಯ್ರೆ. ನಾನು ಪುಣೆಗೆ ಬಂದದ್ದು ಹದಿನಾರನೇ ವರ್ಷಕ್ಕೆ, ಮಾವನ ಹೋಟೆಲಿಗೆ. ಮರಾಠಿ ಒಂದಕ್ಷರ ಗೊತ್ತಿರಲಿಲ್ಲ. ಅಡುಗೆಮನೆಯಲ್ಲೇ ಇಟ್ಟಿದ್ದರೆ ಇವತ್ತಿಗೂ ಬರ್ತಿರಲಿಲ್ಲ, ಅಲ್ಲಿ ಎಲ್ಲ ನಮ್ಮ ಊರಿನವರೇ, ಬರೀ ತುಳು. ಟೇಬಲ್ ಒರೆಸಲಿಕ್ಕೆ ಹೊರಗೆ ಹಾಕಿದರು ನೋಡಿ, ಮೂರು ತಿಂಗಳಲ್ಲಿ ಗಿರಾಕಿಗಳ ಹತ್ತಿರ ಜಗಳ ಆಡುವಷ್ಟು ಬಂತು. ಹಾಗಾಗಿ ಹುಡುಗಿಯನ್ನು ಅಲ್ಲಿ ಎಲ್ಲಿ ಇಡ್ತಾರೆ ಅಂತ ಮೊದಲು ಕೇಳಿ. ನಲವತ್ತು ಪುಣೆ ಮಕ್ಕಳ ಜೊತೆ ಬಸ್ಸಿನಲ್ಲಿ ಕೂರಿಸುವುದಾದರೆ ಅದು ಅಡುಗೆಮನೆಯೇ.

ಜರ್ಮನ್ ಮೇಡಂ, ಡೆಕ್ಕನ್ · 10.31
ಮಾಣಿಯವರು ಹೇಳಿದ್ದು ನೂರಕ್ಕೆ ನೂರು. ನಾನು ಹದಿನೈದು ವರ್ಷದಿಂದ ಇಲ್ಲಿ ಜರ್ಮನ್ ಕಲಿಸ್ತಿದ್ದೀನಿ, ಎರಡು ಸಲ ಮಕ್ಕಳನ್ನ ಕರ್ಕೊಂಡು ಹೋಗಿ ಬಂದಿದ್ದೀನಿ. ‘ವಿನಿಮಯ’ ಅನ್ನೋ ಮಾತನ್ನ ಈಗ ಯಾರು ಯಾರೋ ಬಳಸ್ತಾರೆ. ನಿಜವಾದ ವಿನಿಮಯದಲ್ಲಿ ನಿಮ್ಮ ಮಗುವಿಗೆ ಅಲ್ಲೊಂದು ಜೋಡಿ ಮಗು ಇರಬೇಕು. ಅದರ ಮನೆಯಲ್ಲೇ ವಾಸ, ಅದರ ಜೊತೆಗೇ ಶಾಲೆ. ಕೆಲವು ತಿಂಗಳಾದ ಮೇಲೆ ಆ ಮಗು ನಿಮ್ಮ ಮನೆಗೆ ಬರಬೇಕು. ಹೋಟೆಲ್ ಬಾಡಿಗೆಯೇ ಇಲ್ಲದ ಮೇಲೆ ವಿಮಾನ, ವಿಮೆ, ಅಲ್ಲಿನ ಓಡಾಟ ಬಿಟ್ಟರೆ ಮತ್ತೇನು ಖರ್ಚು? 2.75 ಅಂದಾಗಲೇ ನನಗೆ ಸಂಶಯ ಬಂತು.

ಶಾಲೆಗೆ ಹೋಗಿ ನೇರವಾಗಿ ಕೇಳಿ: ಎಷ್ಟು ರಾತ್ರಿ ಮನೆಯಲ್ಲಿ, ಎಷ್ಟು ರಾತ್ರಿ ಹೋಟೆಲಿನಲ್ಲಿ? ಅಲ್ಲಿನ ಶಾಲೆ ಯಾವ ಊರಿನದು? ಮೇ ಅಂದ್ರಲ್ಲ, ಅದನ್ನೂ ನೋಡಿಕೊಳ್ಳಿ. ಜರ್ಮನಿಯ 16 ರಾಜ್ಯಕ್ಕೂ ಶಾಲೆಯ ರಜೆ ಬೇರೆ ಬೇರೆ. ದಕ್ಷಿಣದ ಬವೇರಿಯಾ, ಬಾಡೆನ್-ವ್ಯುರ್ಟೆಂಬರ್ಗ್ ಎರಡರಲ್ಲೂ ಪೆಂಟೆಕೋಸ್ಟ್ ಅನ್ನೋ ಕ್ರೈಸ್ತ ಹಬ್ಬಕ್ಕೆ ಎರಡು ವಾರ ರಜೆ ಕೊಡ್ತಾರೆ. ಅದು ಬಹಳ ಸಲ ಮೇ ಕೊನೆ, ಜೂನ್ ಮೊದಲಿಗೇ ಬೀಳುತ್ತೆ. ಆ ಹೊತ್ತಿಗೆ ಹೋದರೆ ಶಾಲೆಯ ಬೀಗ ನೋಡಿ ಬರಬೇಕು.

ಇನ್ನೊಂದು. ಚೀಟಿಯಲ್ಲಿ ವೀಸಾ ಶುಲ್ಕ ಹಾಕಿದ್ದಾರಾ? ಷೆಂಗೆನ್ ವೀಸಾಗೆ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಹನ್ನೆರಡು ದಾಟಿದವರಿಗೆ 90 ಯೂರೋ. ಆದರೆ ಕಲಿಕೆಗಾಗಿ ಹೋಗೋ ಶಾಲಾ ಮಕ್ಕಳಿಗೆ, ಜೊತೆಗೆ ಹೋಗೋ ಶಿಕ್ಷಕರಿಗೆ ಆ ಶುಲ್ಕ ಮಾಫಿ. ಅರ್ಜಿ ತಗೊಳ್ಳೋ ಕೇಂದ್ರದ ಸೇವಾ ಶುಲ್ಕ ಮಾತ್ರ ಕಟ್ಟಬೇಕು. ‘ಪ್ರವಾಸಿ’ ಅಂತ ಅರ್ಜಿ ಹಾಕಿದರೆ ಆ ಮಾಫಿ ಇಲ್ಲ. ಉದ್ದೇಶ ಅನ್ನೋ ಜಾಗದಲ್ಲಿ ಏನು ಬರೀತಾರೆ ಅಂತ ಕೇಳಿ. ಶಾಲೆಯ ಮನಸ್ಸಲ್ಲಿ ಏನಿದೆ ಅಂತ ಅಲ್ಲೇ ಗೊತ್ತಾಗುತ್ತೆ.

ಬಾಣೇರ್ ಅಮ್ಮ · 10.44
ಮೇಡಂ, ಚೀಟಿ ಮತ್ತೆ ತೆಗೆದು ನೋಡಿದೆ. ‘ವೀಸಾ, ವಿಮೆ ಮತ್ತು ಇತರೆ: 24,000’ ಅಂತ ಒಂದೇ ಸಾಲು.

ಔಂಧ್ ಗೌಡ · 10.46
ಇರೋದೆಲ್ಲ ‘ಇತರೆ’ಯಲ್ಲೇ.

ಹೋಗಿಬಂದವ · ಮಂಗಳವಾರ ಬೆಳಿಗ್ಗೆ 7.15
ಆಂಟಿ, ನಾನು ಒಂಬತ್ತನೇ ಕ್ಲಾಸಲ್ಲಿ ಹೋಗಿದ್ದೆ, ಈಗ ಇಂಜಿನಿಯರಿಂಗ್ ಎರಡನೇ ವರ್ಷ. ಬೇರೆ ಶಾಲೆ, ನಿಮ್ಮದಲ್ಲ. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರು, ಒಂದೇ ಮನೆಯಲ್ಲಿ ಹನ್ನೆರಡು ರಾತ್ರಿ.

ಮೊದಲ ಮೂರು ದಿನ ನಾನು ಜರ್ಮನ್ ಮಾತಾಡಲೇ ಇಲ್ಲ. ಯಾಕಂದ್ರೆ ನನ್ನ ಜೋಡಿ ಹುಡುಗನ ಇಂಗ್ಲಿಷ್ ಸಖತ್ತಾಗಿತ್ತು, ಅವನಿಗೆ ಅದನ್ನ ತೋರಿಸೋ ಆಸೆ. ನಾನು ಅರ್ಧ ವಾಕ್ಯ ಜೋಡಿಸೋ ಹೊತ್ತಿಗೆ ಅವನು ಇಂಗ್ಲಿಷಲ್ಲಿ ಉತ್ತರ ಕೊಟ್ಟು ಮುಗಿಸ್ತಿದ್ದ. ಕಲಿಸಿದವಳು ಅವನ ತಂಗಿ, ಆರು ವರ್ಷ. ಅವಳಿಗೆ ಇಂಗ್ಲಿಷ್ ಬರಲ್ಲ, ನನ್ನ ಮೇಲೆ ಮರ್ಯಾದೆಯೂ ಇಲ್ಲ. ಇಸ್ಪೀಟಿನಂಥ ಚಿತ್ರದ ಕಾರ್ಡು ಹಿಡಿದು ಕೂರಿಸೋಳು. ನಾನು ‘ಡೇರ್ ಗಾಬೆಲ್’ ಅಂದ್ರೆ ಕಾರ್ಡು ಕಿತ್ಕೊಂಡು “ನೈನ್! ಡೀ!” ಅಂತ ಕಿರಿಚೋಳು. ಗಾಬೆಲ್ ಅಂದ್ರೆ ಫೋರ್ಕ್. ಅಲ್ಲಿ ವಸ್ತುಗಳಿಗೂ ಲಿಂಗ ಇದೆ: ಗಂಡಿಗೆ ಡೇರ್, ಹೆಣ್ಣಿಗೆ ಡೀ, ನಪುಂಸಕಕ್ಕೆ ಡಾಸ್. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಮೂರು ವರ್ಷ ಪುಸ್ತಕದಲ್ಲಿ ಓದಿ ಮರೆತಿದ್ದೆ, ಅವಳು ಕಲಿಸಿದ್ದು ಇವತ್ತಿಗೂ ಮರೆತಿಲ್ಲ.

ಊಟದ ಕಥೆ ಇನ್ನೂ ಚೆನ್ನಾಗಿದೆ. ಮೇಲಿನ ಮಹಡಿಯಲ್ಲಿ ಅವರ ಅಜ್ಜಿ. ಅಜ್ಜಿಗೆ ‘ಓಮಾ’ ಅಂತಾರೆ, ನನಗೆ ಅಜವಾನ ನೆನಪಾಗಿ ನಗು ಬರೋದು. ಆಲೂಗಡ್ಡೆ ತುರಿದು ದೋಸೆ ಥರ ಒಂದು ಮಾಡಿದ್ರು. ಎರಡು ತಿಂದೆ, ಹೊಟ್ಟೆ ತುಂಬಿರಲಿಲ್ಲ. “ಇನ್ನೊಂದು ಹಾಕ್ಲಾ” ಅಂತ ಕೇಳಿದ್ರು. ಸಂಕೋಚಕ್ಕೆ, ನಗ್ತಾ “ಡಂಕೆ” ಅಂದೆ. ತಟ್ಟೆ ತಗೊಂಡು ಹೋಗೇಬಿಟ್ರು! ಬಡಿಸುವಾಗ ಬರೀ ಡಂಕೆ ಅಂದ್ರೆ ‘ಬೇಡ, ಸಾಕು’ ಅಂತ. ಬೇಕಿದ್ರೆ ‘ಬಿಟ್ಟೆ’ ಅನ್ನಬೇಕು. ಆ ರಾತ್ರಿ ಬ್ಯಾಗಲ್ಲಿದ್ದ ಚಕ್ಕುಲಿ ತಿಂದು ಮಲಗಿದೆ.

ಕ್ಯಾಂಪಿನ ಮಾಣಿ · 7.40
ಬಿಟ್ಟೆ ಅಂದರೆ ಬಡಿಸ್ತಾರೆ, ಡಂಕೆ ಅಂದರೆ ಬಿಡ್ತಾರೆ! ನಮ್ಮ ಹೋಟೆಲಿನಲ್ಲಿ ಬರೆದು ಹಾಕಬೇಕು ಇದನ್ನು.

ಚಾಕಣ್ ಬೆಳಗಾವಿ · 8.20
ತಮ್ಮಾ, ಸ್ಟುಟ್‌ಗಾರ್ಟ್ ಕಡೆ ಹೋಗಿದ್ದೆಲ್ಲ, ಅವ್ರ ಆಡುಮಾತು ತಿಳೀತೇನು? ನಾ ಕಂಪನಿ ಕೆಲಸಕ್ಕ ಆರು ತಿಂಗಳ ಅಲ್ಲಿದ್ದೆ. ಪುಣೆದಾಗ ಬಿ1 ಅನ್ನೂ ಜರ್ಮನ್ ಪರೀಕ್ಷಾ ಪಾಸ್ ಮಾಡ್ಕೊಂಡ ಎದೆ ಉಬ್ಬಿಸ್ಕೊಂಡ ಹೋಗಿದ್ದೆ. ಮೊದಲ್ನೇ ದಿನ ಶಾಪ್‌ಫ್ಲೋರ್‌ದಾಗ ಒಬ್ಬ ಹಿರೇ ಮನಶ್ಯಾ ಏನೋ ಕೇಳಿದ, ಒಂದ ಶಬ್ದ ತಿಳೀಲಿಲ್ಲ. ಅದು ಶ್ವೇಬಿಷ್. ಸಣ್ಣದಕ್ಕೆಲ್ಲ ‘ಲೆ’ ಹಚ್ಚತಾರ, ಹೌಸ್ ಅನ್ನೂದು ‘ಹೊಯ್ಸ್ಲೆ’ ಆಗ್ತದ. ಮೈಸೂರಾಗ ಕನ್ನಡ ಕಲ್ತಾಂವ ಅಥಣಿ ಸಂತಿಗೆ ಬಂದಂಗ ಆತು ನನ್ನ ಸ್ಥಿತಿ.

ಹೋಗಿಬಂದವ · 8.31
ಹೌದಣ್ಣ. ಓಮಾ ಮಾತು ಅರ್ಥ ಆಗೋಕೆ ಒಂದು ವಾರ ಬೇಕಾಯ್ತು. ಆದ್ರೆ ಬಡಿಸೋದ್ರಲ್ಲಿ ಅವರಿಗೂ ನಮ್ಮಜ್ಜಿಗೂ ವ್ಯತ್ಯಾಸ ಇರಲಿಲ್ಲ.

ಕೊಥ್ರೂಡ್ ಕಾಕಾ · 9.10
ನಿಮ್ಮ ಚರ್ಚೆ ಓದಿ ನಗು ಬಂತು. ನಾವು ಲಕ್ಷಗಟ್ಟಲೆ ಸುರಿದು ಜರ್ಮನ್ ಕಲಿಯಲು ಹೊರಟಿದ್ದೇವೆ. ಜರ್ಮನಿಯಿಂದ ಇಲ್ಲಿಗೆ ಬಂದು ಕನ್ನಡ ಕಲಿತವರನ್ನು ಮರೆತೇಬಿಟ್ಟಿರಾ? 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು ಹರ್ಮನ್ ಮೋಗ್ಲಿಂಗ್. ಇಪ್ಪತ್ತೊಂದನೇ ವಯಸ್ಸಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಧಾರವಾಡ, ಮಂಗಳೂರು, ಮಡಿಕೇರಿ ಸುತ್ತಿ 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಜರ್ಮನ್ ನಿಘಂಟು ಕೊಟ್ಟರು. ಯಾವ ವಿನಿಮಯ ಪ್ರವಾಸ, ಯಾವ ಸಂಯೋಜಕರು?

ಜರ್ಮನ್ ಮೇಡಂ, ಡೆಕ್ಕನ್ · 9.22
ಕಾಕಾ, ಒಂದು ತಿದ್ದುಪಡಿ: ಕಿಟ್ಟೆಲ್ ನಿಘಂಟು ಕನ್ನಡ–ಇಂಗ್ಲಿಷ್.

ಕೊಥ್ರೂಡ್ ಕಾಕಾ · 9.30
ಒಪ್ಪಿದೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಲೆಕ್ಕ ತಪ್ಪುವುದು ಹೆಚ್ಚಾಗಿದೆ.

ಔಂಧ್ ಗೌಡ · 9.34
ಕಿಟ್ಟೆಲ್ 16 ದಿನದ ಪ್ಯಾಕೇಜಲ್ಲಿ ಬಂದಿರಲಿಲ್ಲ ಕಾಕಾ. ನಲವತ್ತು ವರ್ಷ ತಗೊಂಡ್ರು. ಅವರು ಮತಪ್ರಚಾರಕ್ಕೆ ಬಂದವರು ಅನ್ನೋದನ್ನೂ ಸೇರಿಸಿಕೊಳ್ಳಿ.

ಕೊಥ್ರೂಡ್ ಕಾಕಾ · 9.41
ಬಂದದ್ದು ಅದಕ್ಕೇ, ಉಳಿದದ್ದು ಇದು. ಅದಿರಲಿ. ಮ್ಯಾಕ್ಸ್ ಮುಲ್ಲರ್ ಅವರನ್ನು ತೆಗೆದುಕೊಳ್ಳಿ. ಬೋಟ್ ಕ್ಲಬ್ ರಸ್ತೆಯ ಜರ್ಮನ್ ಸಂಸ್ಥೆಗೆ ಅವರದೇ ಹೆಸರು. ಋಗ್ವೇದ ಸಂಪಾದಿಸಿದ ಆ ಮನುಷ್ಯ ಜೀವಮಾನದಲ್ಲಿ ಒಮ್ಮೆಯೂ ಭಾರತಕ್ಕೆ ಬರಲಿಲ್ಲ! ಭಾಷೆ ಕಲಿಯಲು ಅಲ್ಲಿಗೇ ಹೋಗಬೇಕೆಂಬ ವಾದ ಎಲ್ಲಿ ನಿಲ್ಲುತ್ತದೆ?

ಕ್ಯಾಂಪಿನ ಮಾಣಿ · 9.55
ಅವರು ಸಂಸ್ಕೃತದಲ್ಲಿ ಟೊಮೆಟೊ ಚೌಕಾಸಿ ಮಾಡಬೇಕಿರಲಿಲ್ಲ ಕಾಕಾ.

ಚಾಕಣ್ ಬೆಳಗಾವಿ · ಮಧ್ಯಾಹ್ನ 1.15
ಊಟದ ಹೊತ್ತಿನ್ಯಾಗ ಬರೀಲಿಕ್ಕತ್ತೇನಿ. ಅಕ್ಕಾರ, ನಿಮ್ಮ ಮಗಳಿಗೆ ಒಂದು ಹೇಳ್ರಿ, ಪುಣೆದಾಗ ಬೆಳೆದವ್ರಿಗೆ ಜರ್ಮನ್ ಹೊರಗಿಂದಲ್ಲ. ಡೇರ್, ಡೀ, ಡಾಸ್ ಅಂತ ಅಂಜೂದ್ಯಾಕ? ಮರಾಠಿ ತೋ, ತೀ, ತೇ ಐತೆಲ್ಲ! ಮನಿ ಅಂದ್ರ ಮರಾಠಿಯೊಳಗ ತೇ ಘರ್, ಅಲ್ಲಿ ಡಾಸ್ ಹೌಸ್. ನೀರಂದ್ರ ತೇ ಪಾಣಿ, ಡಾಸ್ ವಾಸರ್. ಪುಸ್ತಕ, ಕೂಸು ಎರಡೂ ಹಂಗ, ಅಲ್ಲೂ ನಪುಂಸಕ, ಇಲ್ಲೂ ನಪುಂಸಕ. ಹಾಲಿಗೆ ಬಂದ್ರ ಮಾತ್ರ ಕೈ ಕೊಡ್ತದ. ಮರಾಠಿ ತೇ ದೂಧ್, ಅವ್ರದು ಡೀ ಮಿಲ್ಷ್.

ಎಣಿಕಿನೂ ನೋಡ್ರಿ. ಇಪ್ಪತ್ತೊಂದಕ್ಕ ಕನ್ನಡದಾಗ ಮೊದಲ ಇಪ್ಪತ್ತು, ಆಮ್ಯಾಲ ಒಂದು. ಮರಾಠಿಯೊಳಗ ಏಕ್‌ವೀಸ್, ಒಂದು ಮೊದಲ. ಜರ್ಮನ್ನೂ ಹಂಗ, ‘ಒಂದು ಮತ್ತು ಇಪ್ಪತ್ತು’. ಕನ್ನಡದವ್ರಿಗೂ ಪಾಲು ಐತಿ ಮತ್ತ. ‘ಯಾಕಂದ್ರ’ ಅನ್ನೂದಕ್ಕ ‘ವೈಲ್’ ಅಂತ ಹಚ್ಚಿದ್ರ ಕ್ರಿಯಾಪದ ವಾಕ್ಯದ ಕಡೀಗೆ ಹೋಗಿ ಕುಂಡರ್ತದ, ನಮ್ಮಂಗನ. ಇಂಗ್ಲಿಷ್‌ದಾಗ ವಿಚಾರ ಮಾಡಾಂವ ಅಲ್ಲೇ ಎಡವತಾನ. ನೀನು–ನೀವು ಫರಕೂ ಅಲ್ಲೈತಿ, ಡು ಮತ್ತ ಸೀ.

ಜರ್ಮನ್ ಮೇಡಂ, ಡೆಕ್ಕನ್ · 1.40
ಇದನ್ನ ನಾಳೆ ಕ್ಲಾಸಲ್ಲಿ ಕದ್ದು ಹೇಳ್ತೀನಿ ಸರ್. ಆದ್ರೆ ನೀವು–ಸೀ ಲೆಕ್ಕ ಪೂರ್ತಿ ಕೂಡಲ್ಲ. ನಮ್ಮ ಮಕ್ಕಳು ಗೌರವ ಅಂದುಕೊಂಡು ಅಲ್ಲಿನ ಅಜ್ಜ ಅಜ್ಜಿಗೆ ‘ಸೀ’ ಅಂತಾರೆ, ಅವರಿಗೆ ಪರಕೀಯ ಅನ್ಸುತ್ತೆ. ಮನೆಯೊಳಗೆ ಎಲ್ಲರೂ ‘ಡು’. ಟೀಚರಿಗೆ, ಅಂಗಡಿಯವರಿಗೆ ‘ಸೀ’. ನಾನು ಕರ್ಕೊಂಡು ಹೋದ ಒಬ್ಬ ಹುಡುಗ ಉಲ್ಟಾ ಮಾಡಿದ, ಪ್ರಿನ್ಸಿಪಾಲರಿಗೇ ‘ಡು’ ಅಂದ. ಅವರು ನಕ್ಕರು ಪುಣ್ಯಕ್ಕೆ.

ಗಂಟೆಯ ವಿಷಯವೂ ಹೇಳಿಕೊಡಿ. ‘ಹಾಲ್ಪ್ ಡ್ರೈ’ ಅಂದ್ರೆ ‘ಅರ್ಧ ಮೂರು’. ನಮ್ಮವರು ಮೂರೂವರೆ ಅಂದುಕೊಳ್ತಾರೆ, ಅದು ಎರಡೂವರೆ. ಒಂದು ಗಂಟೆ ಸ್ಟೇಷನ್ನಲ್ಲಿ ಕಾದ ಕುಟುಂಬದ ಮುಂದೆ ನಾನು ತಲೆ ತಗ್ಗಿಸಿ ನಿಂತಿದ್ದೀನಿ.

ಔಂಧ್ ಗೌಡ · 1.52
ಪುಣೆಯವರು ಮಧ್ಯಾಹ್ನ ಒಂದರಿಂದ ನಾಲ್ಕು ನಿದ್ದೆ ಮಾಡ್ತಾರೆ, ಎರಡೂವರೆಯೂ ಒಂದೇ ಮೂರೂವರೆಯೂ ಒಂದೇ.

ವಾಕಡ್ ಅಪ್ಪ · ಮಂಗಳವಾರ ರಾತ್ರಿ 10.10
ಎಲ್ಲರೂ ಕಳಿಸೋ ಕಥೆ ಹೇಳಿದ್ರಿ, ಕರೆಸಿಕೊಳ್ಳೋ ಕಥೆ ಯಾರೂ ಹೇಳಲಿಲ್ಲ. ಹೋದ ವರ್ಷ ನಮ್ಮ ಮನೇಲಿ ಒಬ್ಬ ಜರ್ಮನ್ ಹುಡುಗ ಒಂಬತ್ತು ದಿನ ಇದ್ದ. ಎರಡು ಬೆಡ್‌ರೂಮಿನ ಫ್ಲಾಟು, ಅಪ್ಪ ಅಮ್ಮ ಊರಿಂದ ಬಂದಿದ್ರು. ನನ್ನ ಹೆಂಡತಿ ಒಂದು ತಿಂಗಳು ಮೊದಲೇ ಹೊಸ ಪರದೆ, ಹೊಸ ಬೆಡ್‌ಶೀಟು, ಫೋರ್ಕು ಎಲ್ಲ ತಂದಿಟ್ಟಳು. ಅವನು ಎರಡನೇ ದಿನಕ್ಕೇ ಕೈಯಲ್ಲಿ ತಿಂದ.

ಕಷ್ಟ ಆಗಿದ್ದು ಊಟದ್ದಲ್ಲ, ಬಾಗಿಲಿನದು. ರೂಮಿಗೆ ಹೋದ ತಕ್ಷಣ ಬಾಗಿಲು ಹಾಕಿಕೊಳ್ಳೋನು. ಅಮ್ಮ “ಪಾಪ, ಏನಾದ್ರೂ ಅಂದ್ರಾ ಯಾರಾದ್ರೂ? ಮುನಿಸಿಕೊಂಡಿದೆ ಮಗು” ಅಂತ ಐದೈದು ನಿಮಿಷಕ್ಕೆ ಬಾಗಿಲು ತಟ್ಟಿ ಬಾಳೆಹಣ್ಣು ಕೊಡೋರು. ಆಮೇಲೆ ಗೊತ್ತಾಯ್ತು, ಅವರ ಮನೇಲಿ ಬಾಗಿಲು ಹಾಕಿರೋದೇ ವಾಡಿಕೆ. ಇನ್ನು ನಾನು “ಎಂಟು ಗಂಟೆಗೆ ಶನಿವಾರವಾಡೆಗೆ ಹೋಗೋಣ” ಅಂದಿದ್ದೆ. ಏಳು ಐವತ್ತೈದಕ್ಕೆ ಶೂ ಹಾಕಿ ಬಾಗಿಲ ಹತ್ರ ನಿಂತಿದ್ದ. ನಾನಿನ್ನೂ ಪೇಪರ್ ಓದ್ತಾ ಇದ್ದೆ.

ಒಂದು ಮುಖ್ಯ ವಿಷಯ, ಶಾಲೆಯವರು ನಮಗೆ ಹೇಳಿರಲಿಲ್ಲ. ವಿದೇಶಿಯರು ಮನೇಲಿ ಉಳಿದರೆ 24 ಗಂಟೆಯೊಳಗೆ ಆನ್‌ಲೈನಲ್ಲಿ ಸರ್ಕಾರಕ್ಕೆ ತಿಳಿಸೋ ಫಾರ್ಮ್ ತುಂಬಬೇಕು. ಹೋಟೆಲಿಗಷ್ಟೇ ಅಲ್ಲ, ಮನೆಗೂ ಅನ್ವಯ. ರಾತ್ರಿ ಹನ್ನೊಂದಕ್ಕೆ ಕೂತು ತುಂಬಿದೆ.

ಬಾಣೇರ್ ಅಮ್ಮ · 10.25
ಅಯ್ಯೋ, ಇದೆಲ್ಲ ಗೊತ್ತೇ ಇರಲಿಲ್ಲ ಸರ್. ಅಂದಹಾಗೆ ಮಗಳು ಆಗಲೇ ಪಟ್ಟಿ ಮಾಡ್ತಿದ್ದಾಳೆ: ಅಲ್ಲಿನವರಿಗೆ ಪೇಡಾ, ಅಜ್ಜಿ ಕಾಯಿಸಿದ ತುಪ್ಪ.

ಚಾಕಣ್ ಬೆಳಗಾವಿ · 10.33
ತುಪ್ಪ ಒಯ್ಯಂಗಿಲ್ರಿ ಅಕ್ಕಾರ. ಹೊರಗಿಂದ ಬರೂ ಮಾಂಸ, ಹಾಲಿನ ಪದಾರ್ಥ ಅವ್ರು ಒಳಗ ಬಿಡೂದಿಲ್ಲ. ಪೇಡಾದ್ದು ಕಸ್ಟಮ್ಸ್‌ನವ್ರ ಮುಂದ ವಾದ ಮಾಡೂದ ಬ್ಯಾಡ. ಲೋಣಾವಳಾ ಚಿಕ್ಕಿ ಒಯ್ಯಲಿ. ಆ ಮನ್ಯಾಗ ಯಾರಿಗರೆ ಶೇಂಗಾ ಅಲರ್ಜಿ ಐತೇನು ಅಂತ ಮೊದಲ ಕೇಳ್ರಿ.

ಹೋಗಿಬಂದವ · 10.37
ಕೊಡುವಾಗ ‘ಗಿಫ್ಟ್’ ಅಂತ ಮಾತ್ರ ಹೇಳಬೇಡ ಅನ್ನಿ ಆಂಟಿ. ಜರ್ಮನ್‌ನಲ್ಲಿ ಗಿಫ್ಟ್ ಅಂದ್ರೆ ವಿಷ. ‘ಗೆಶೆಂಕ್’ ಅನ್ನಬೇಕು.

ಕ್ಯಾಂಪಿನ ಮಾಣಿ · 10.39
ದೇವರೇ! ಕಿಟ್ಟೆಲರಿಗೆ ನಮ್ಮವರು ಏನೇನು ಗಿಫ್ಟ್ ಕೊಟ್ಟಿದ್ದರೋ.

ಬಾಣೇರ್ ಅಮ್ಮ · ಗುರುವಾರ ಸಂಜೆ 6.20
ಇವತ್ತು ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋಗಿ ಬಂದೆ. ಮೇಡಂ ಕೊಟ್ಟ ಪ್ರಶ್ನೆಗಳನ್ನೇ ಕೇಳಿದೆ. ಉತ್ತರ ಹೀಗಿದೆ. 16 ದಿನದಲ್ಲಿ ಮನೆಯಲ್ಲಿ ನಾಲ್ಕು ರಾತ್ರಿ. ಶಾಲೆಗೆ ಎರಡು ದಿನ, ಅದೂ ‘ಭೇಟಿ’. ಉಳಿದಿದ್ದು ಮ್ಯೂನಿಕ್, ಸ್ವಿಟ್ಜರ್ಲೆಂಡಿನ ಹಿಮ, ಪ್ಯಾರಿಸ್. ಪ್ಯಾರಿಸ್ಸಲ್ಲಿ ಯಾರ ಜೊತೆ ಜರ್ಮನ್ ಮಾತಾಡ್ತಾರೆ ಅಂತ ಕೇಳಿದೆ, ಸಂಯೋಜಕರು ನಕ್ಕರು. ವೀಸಾದ ಉದ್ದೇಶ ಕೇಳಿದ್ದಕ್ಕೆ “ಅದೆಲ್ಲ ಟ್ರಾವೆಲ್ಸಿನವರು ನೋಡ್ಕೊಳ್ತಾರೆ” ಅಂದ್ರು. ನಮ್ಮನೆಯವರು ನನ್ನ ಪಕ್ಕದಲ್ಲಿ ಕೂತು ಒಂದು ಮಾತೂ ಆಡಲಿಲ್ಲ, ಮುಖದ ತುಂಬ ಗೆದ್ದ ಕಳೆ.

ಏಳೋ ಹೊತ್ತಿಗೆ ಇನ್ನೊಂದು ಸುದ್ದಿ ಹೊರಬಿತ್ತು. ಅದೇ ಜರ್ಮನ್ ಶಾಲೆಯ ಹನ್ನೆರಡು ಮಕ್ಕಳು ಅಕ್ಟೋಬರಿನಲ್ಲಿ ಪುಣೆಗೆ ಬರ್ತಾರಂತೆ, ಹತ್ತು ದಿನ. ಉಳಿಸಿಕೊಳ್ಳೋಕೆ ಮನೆ ಸಾಲ್ತಿಲ್ಲ, ಎಲ್ಲರಿಗೂ ಭಯ. ಮೇನಲ್ಲಿ ಕಳಿಸದಿದ್ರೂ ಕರೆಸಿಕೊಳ್ಳಬಹುದಂತೆ. ಮನೆಗೆ ಬಂದು ಮಗಳಿಗೆ ಎರಡೂ ಹೇಳಿದೆ. ಪ್ಯಾರಿಸ್ ಹೋಯ್ತು ಅಂತ ಅತ್ತಳು. ಒಂದು ಗಂಟೆ ಬಿಟ್ಟು ಅಡುಗೆಮನೆಗೆ ಬಂದು, “ಅವಳು ನನ್ನ ರೂಮಲ್ಲೇ ಮಲಗ್ತಾಳಾ?” ಅಂತ ಕೇಳಿದಳು.

ಔಂಧ್ ಗೌಡ · 6.31
ನಾನು ಮೊದಲೇ ಹೇಳಿದ್ದೆ, ಮನೆಗೇ ಕರೆಸಿ ಅಂತ.

ಜರ್ಮನ್ ಮೇಡಂ, ಡೆಕ್ಕನ್ · 6.50
ಒಳ್ಳೇದಾಯ್ತು. ಆದ್ರೆ ಖುಷಿಯಲ್ಲಿ ಒಂದು ಮರೀಬೇಡಿ. ಆ ಹುಡುಗಿಗೆ ಪುಣೆ ಅಂದ್ರೆ ಇಂಗ್ಲಿಷ್ ಅಭ್ಯಾಸ. ಬಿಟ್ಟರೆ ಹತ್ತು ದಿನವೂ ಇಬ್ಬರೂ ಇಂಗ್ಲಿಷಲ್ಲೇ ಹರಟೆ ಹೊಡೀತಾರೆ. ಮೊದಲ ದಿನವೇ ಇಬ್ಬರನ್ನೂ ಕೂರಿಸಿ ಒಪ್ಪಂದ ಮಾಡಿಸಿ: ಮಧ್ಯಾಹ್ನದ ಊಟದವರೆಗೆ ಜರ್ಮನ್, ಆಮೇಲೆ ಇಂಗ್ಲಿಷ್. ಅಕ್ಟೋಬರಿಗೆ ಮುಂಚೆ ಮಗಳು ‘ಫಿಟ್ ಇನ್ ಡಾಯ್ಚ್’ ಅನ್ನೋ ಮಕ್ಕಳ ಜರ್ಮನ್ ಪರೀಕ್ಷೆಯ ಮೊದಲ ಹಂತ, ಎ1, ಕಟ್ಟಲಿ. ಅದರಲ್ಲಿ ಮಾತಾಡೋ ಭಾಗ ಇರುತ್ತೆ, ಬಾಯಿ ಬಿಡಲೇಬೇಕು.

ಹೋಗಿಬಂದವ · 7.02
ಅವಳಿಗೆ ಸ್ವಲ್ಪ ಕನ್ನಡನೂ ಕಲಿಸಿ ಆಂಟಿ. ಅವಳು ‘ಳ’ ಹೇಳೋಕೆ ಒದ್ದಾಡೋದು ನೋಡಿದ್ರೆ, ನಿಮ್ಮ ಮಗಳಿಗೆ ಜರ್ಮನ್‌ನ ಎರಡು ಚುಕ್ಕಿ ಇಟ್ಟ ‘ಯು’ (ü) ಅಕ್ಷರ ಉಚ್ಚರಿಸೋ ನಾಚಿಕೆ ಹೋಗುತ್ತೆ.

ವಾಕಡ್ ಅಪ್ಪ · 7.15
ಮೊದಲ ದಿನ ಅನ್ನ, ತಿಳಿಸಾರು, ಮೊಸರು. ಎರಡನೇ ದಿನ ದೋಸೆ. ಇಲ್ಲಿನ ಖಾರದ ಮಿಸಳ್ ಐದನೇ ದಿನಕ್ಕೆ ಮುಂಚೆ ಬೇಡ. ನಾವು ಮೂರನೇ ದಿನ ಕೊಡಿಸಿ ನಾಲ್ಕನೇ ದಿನ ಪೂರ್ತಿ ಮನೇಲೇ ಕೂತ್ವಿ.

ಕೊಥ್ರೂಡ್ ಕಾಕಾ · 7.28
ಒಂದು ಸಂಜೆ ಆ ಮಗುವನ್ನು ನಮ್ಮ ಮನೆಗೂ ಕರೆತನ್ನಿ. ಕಿಟ್ಟೆಲ್ ನಿಘಂಟು ತೋರಿಸುತ್ತೇನೆ. ಕನ್ನಡ–ಇಂಗ್ಲಿಷ್.

ಬಾಣೇರ್ ಅಮ್ಮ · 8.05
ಖಂಡಿತ ಕಾಕಾ. ಇಲ್ಲಿ ನಮ್ಮತ್ತೆ ಇದನ್ನೆಲ್ಲ ನನ್ನ ಹತ್ರ ಓದಿಸಿಕೊಂಡು ಕೇಳ್ತಿದ್ದಾರೆ, “ಆ ಹುಡುಗಿ ‘ಬಿಟ್ಟೆ’ ಅಂದ್ರೆ ತಟ್ಟೆ ತೆಗೀಬೇಕಾ, ಇನ್ನೂ ಹಾಕಬೇಕಾ?”

ಹೋಗಿಬಂದವ · 8.06
ಹಾಕಬೇಕು ಅಂತ ಹೇಳಿ ಅಜ್ಜಿಗೆ!

ಕ್ಯಾಂಪಿನ ಮಾಣಿ · 8.09
ಡಂಕೆ ಅಂದರೂ ಒಂದು ಹಾಕಿ ಬಿಡಿ ಅಜ್ಜಿ, ನಮ್ಮಲ್ಲಿ ಹಾಗೆ.

ಔಂಧ್ ಗೌಡ · 8.15
ಅಂತೂ ಲಕ್ಷಗಳು ಉಳೀತಲ್ಲ ಅಕ್ಕ. ಪಾರ್ಟಿ ಯಾವಾಗ?

ಬಾಣೇರ್ ಅಮ್ಮ · 8.21
ಉಳಿಯೋದೆಲ್ಲಿ? ಪಿಕ್‌ನಿಕ್ಕು ಅಂದವರೇ ಈಗ ಬಾತ್‌ರೂಮಿನಲ್ಲಿ ಟೇಪು ಹಿಡಿದು ಅಳೀತಿದ್ದಾರೆ. ಹೊಸ ಗೀಸರ್ ಬೇಕಂತೆ.